ಕಾಯಿ ಕಳಚುವ ಸದ್ದು

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಮೇಲಿರುವುದು ಕೆಳಗೆ ಬೀಳದ ಹಾಗೆ ನೋಡಿಕೊಳ್ಳುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ವಸಂತನರಸಾಪುರದಲ್ಲಿ ಹೊಸ ಕಾರ್ಖಾನೆಗಳ ಶೆಡ್ಡುಗಳು ಏಳುವ ಕಡೆ ನಾನು ಸೇಫ್ಟಿ ಸೂಪರ್‌ವೈಸರ್. ಬೋಲ್ಟು, ಸ್ಪ್ಯಾನರ್, ವೆಲ್ಡಿಂಗ್ ರಾಡಿನ ಮೋಟು, ಕೆಲವೊಮ್ಮೆ ಮಧ್ಯಾಹ್ನದ ಊಟದ ಡಬ್ಬಿ, ಇವೆಲ್ಲ ಮೇಲಿನಿಂದ ಬೀಳುತ್ತವೆ. ಬೀಳಿಸಿದವನು ಮೇಲಿನಿಂದ ‘ಹೇಯ್’ ಅನ್ನುತ್ತಾನೆ. ಅಷ್ಟು ಹೊತ್ತಿಗೆ ಅದು ನೆಲ ಸೇರಿರುತ್ತದೆ.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಒಂದು ಬೂದಗುಂಬಳಕಾಯಿಯಿಂದ ಪಾಠ ಶುರು ಮಾಡುತ್ತೇನೆ. ಕಾಯಿಯನ್ನು ನೆಲದ ಮೇಲಿಟ್ಟು, ಸಾರುವೆಯ ಮೇಲಿನ ಹಲಗೆಯಿಂದ ಹೆಬ್ಬೆರಳಿನಷ್ಟು ದಪ್ಪದ ಬೋಲ್ಟೊಂದನ್ನು ಬಿಡಿಸುತ್ತೇನೆ. ಎಸೆಯುವ ಹಾಗಿಲ್ಲ, ಸುಮ್ಮನೆ ಕೈ ಬಿಡಬೇಕು. ಬೋಲ್ಟು ಕಾಯೊಳಗೆ ಹೊಕ್ಕು ಕಾಣದಾಗುತ್ತದೆ. ಆಯುಧ ಪೂಜೆಯಲ್ಲಿ ಕುಂಬಳಕಾಯಿ ಒಡೆದು ಅಭ್ಯಾಸವಿರುವ ನಮ್ಮವರು ಆಗ ಮಾತ್ರ ಬಾಯಿ ಮುಚ್ಚಿಕೊಂಡು ಹೆಲ್ಮೆಟ್ಟು ಹಾಕಿಕೊಳ್ಳುತ್ತಾರೆ. ನನ್ನ ಬೆನ್ನ ಹಿಂದಿನ ಬೋರ್ಡಿನಲ್ಲಿ ನಾನೇ ಬರೆಸಿದ ಸಾಲು ಇದೆ: ‘ಬೀಳುವ ವಸ್ತುವಿಗೆ ಕಣ್ಣಿಲ್ಲ.’

ಈ ಸಾಲನ್ನು ನಮ್ಮ ಮನೆಯಲ್ಲಿ ಹೇಳಿದರೆ ಅವ್ವ ಒಪ್ಪುವುದಿಲ್ಲ.

ಮನೆ ಇರುವುದು ಗುಬ್ಬಿಯ ಹತ್ತಿರ, ತೆಂಗಿನ ತೋಟದೊಳಗೆ. ಅವ್ವ, ನಾನು, ನನ್ನ ಹೆಂಡತಿ. ಹೆಂಡತಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ವಸ್ತುಗಳು ಹೇಗೆ ಬೀಳುತ್ತವೆ ಎಂದು ಪಾಠ ಹೇಳಿ ಅವಳು ಸಂಬಳ ತರುತ್ತಾಳೆ, ಬೀಳದ ಹಾಗೆ ಕಾದು ನಾನು ಸಂಬಳ ತರುತ್ತೇನೆ. ಆದರೆ ಹಿತ್ತಲ ಗಿಡ ಮದ್ದಲ್ಲ. ನಮ್ಮಿಬ್ಬರ ಮಾತಿಗೂ ಮನೆಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

ಹಿತ್ತಲ ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ ಒಂದು ಹಳೆಯ ತೆಂಗಿನ ಮರ. ಅರವತ್ತಡಿಗೆ ಕಡಿಮೆಯಿಲ್ಲ. ಅದರ ಬುಡದಲ್ಲಿ ಒಂದು ನವಾರು ಮಂಚ. ಬೆಳಗಿನ ಕಾಫಿ ಕುಡಿದು ಅವ್ವ ಆ ಮಂಚದ ಮೇಲೆ ಕೂತರೆ ಏಳುವುದು ಮಧ್ಯಾಹ್ನದ ಊಟಕ್ಕೆ. ಅಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾಳೆ, ಹುರುಳಿಯಲ್ಲಿ ಕಲ್ಲು ಆರಿಸುತ್ತಾಳೆ. ಎದುರಿಗೆ ಬೇಲಿ, ಬೇಲಿಯಾಚೆ ಹಾಲಿನ ಡೈರಿಗೆ ಹೋಗುವ ದಾರಿ. ಕ್ಯಾನು ಹಿಡಿದು ಹೋಗುವವರೆಲ್ಲ ಒಂದು ಗಳಿಗೆ ನಿಂತು ಅವ್ವನ ಜೊತೆ ಮಾತಾಡಿ ಹೋಗುತ್ತಿದ್ದರು. ಯಾರ ಮನೆಯಲ್ಲಿ ಹಸು ಗಬ್ಬವಾಗಿದೆ, ಯಾರ ಮಗಳು ಮುನಿಸಿಕೊಂಡು ಬಂದಿದ್ದಾಳೆ, ಎಲ್ಲ ಅವಳಿಗೆ ಆ ಮಂಚದ ಮೇಲೇ ತಿಳಿಯುತ್ತಿತ್ತು.

ನಮ್ಮ ಕಡೆ ಕಾಯಿಯನ್ನು ಅವಸರಕ್ಕೆ ಕೀಳುವುದಿಲ್ಲ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಮರದಲ್ಲೇ ಪೂರ್ತಿ ಬಲಿಯಬೇಕು, ಆಮೇಲೆ ಸಿಪ್ಪೆ ಸಮೇತ ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಬೇಕು. ಗಿಡ್ಡ ಮರಗಳಿಗೆ ದೋಟಿ ಹಾಕಿ ಕೀಳುತ್ತೇವೆ. ಹಿತ್ತಲ ಮರಕ್ಕೆ ದೋಟಿ ಎಟುಕದು, ಹತ್ತುವವರು ಸಿಗುವುದು ಅಪರೂಪ. ಹಾಗಾಗಿ ಆ ಮರದಲ್ಲಿ ತಾನಾಗಿ ಬಿದ್ದದ್ದನ್ನು ಆಯ್ದುಕೊಳ್ಳುವುದು ರೂಢಿ. ಅಂದರೆ ಬಲಿತ ಕಾಯಿಗಳು ಅವ್ವನ ತಲೆಯ ನೇರಕ್ಕೆ ನೇತಾಡುತ್ತ, ತಮಗೆ ಬೇಕೆನಿಸಿದಾಗ ಬೀಳುತ್ತಿದ್ದವು.

“ಅವ್ವ, ಮಂಚ ಆ ಕಡೆ ಬೇವಿನ ಮರದಡಿ ಹಾಕ್ತೀನಿ” ಎಂದರೆ ಅವಳ ಉತ್ತರ ಸಿದ್ಧ.

“ತೆಂಗಿಗೆ ಕಣ್ಣೈತೆ ಕಣ್ಲಾ. ತಲೆ ಮ್ಯಾಲೆ ಬೀಳಾಕಿಲ್ಲ. ಮೂರ್ ಕಣ್ಣು ಸುಮ್ಸುಮ್ನೆ ಕೊಟ್ಟವ್ನಾ ದ್ಯಾವ್ರು?”

“ಅತ್ತೆ, ಆ ಕಣ್ಣು ಸಿಪ್ಪೆಯೊಳಗೆ ಇರತ್ತಲ್ಲ, ಹೆಂಗೆ ಕಾಣತ್ತೆ?” ಎಂದು ಹೆಂಡತಿ ಕೇಳಿದಳು.

“ನಾನು ಸೆರಗು ಹೊದ್ಕಂಡ್ರೆ ನಂಗೆ ಕಾಣಲ್ವೇನಮ್ಮ?” ಅಂದಳು ಅವ್ವ. ಮೇಡಂ ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಹೊರಟರು.

ನಾನು ಸುಮ್ಮನಿರುವ ಜಾತಿಯಲ್ಲ. ತುಮಕೂರಿನಿಂದ ಹಸಿರು ಬಲೆ ತಂದು ಮಂಚದ ಮೇಲೆ ಎತ್ತರಕ್ಕೆ ಕಟ್ಟಿದೆ. ಕಸಕಡ್ಡಿ, ಹೀಚು ಎಲ್ಲ ಅದರಲ್ಲಿ ತುಂಬಿ, ಒಂದು ಅಳಿಲು ಸಿಕ್ಕಿಹಾಕಿಕೊಂಡು ಒದ್ದಾಡಿತು. ನಾನು ಕೆಲಸದಿಂದ ಬರುವಷ್ಟರಲ್ಲಿ ಅವ್ವ ಬಲೆ ಬಿಚ್ಚಿಸಿ ಸೌತೆ ಬಳ್ಳಿ ಹಬ್ಬಲು ಕಟ್ಟಿಸಿದ್ದಳು. ಆಮೇಲೆ ಒಂದು ಹಳದಿ ಹೆಲ್ಮೆಟ್ಟು ಕೊಂಡು ತಂದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೋರಲು ಮಾಡಿ ಬೆರಳಿನಿಂದ ತಟ್ಟಿ, ಚೆನ್ನಾಗಿದೆ ಅಂದಳು. ಮರುದಿನದಿಂದ ಬಿಡಿಸಿದ ಅವರೆಕಾಳು ಅದರೊಳಗೆ ಬೀಳತೊಡಗಿತು. ಅದು ಪಾತ್ರೆಯಾಗಿ ಅವಳ ಪಕ್ಕದಲ್ಲೇ ನಿಂತುಬಿಟ್ಟಿತು.

ಒಂದು ಸಂಜೆ ಹೆಂಡತಿ ಚಪಾತಿ ಲಟ್ಟಿಸುವಾಗ ಲೆಕ್ಕ ಹಾಕಲು ಹೇಳಿದೆ. ಅವಳು ಮಣೆಯ ಮೇಲಿನ ಹಿಟ್ಟಿನಲ್ಲೇ ಬೆರಳಾಡಿಸಿದಳು.

“ಹದಿನೆಂಟು ಮೀಟರ್ ಅಂದ್ಕೊಳ್ಳಿ. ಎರಡು ಸೆಕೆಂಡ್ ಕೂಡ ಪೂರ್ತಿ ಬೇಡ ರೀ. ಅದರಲ್ಲೂ ಮೊದಲ ಸೆಕೆಂಡಿನಲ್ಲಿ ಬರೀ ಹದಿನಾರಡಿ ಇಳಿಯತ್ತೆ. ಮಿಕ್ಕಿದ್ದೆಲ್ಲ ಎರಡನೇ ಸೆಕೆಂಡಿನಲ್ಲಿ.”

“ನೆಲ ಮುಟ್ಟೋವಾಗ?”

“ನೀವು ಹೈವೇಲಿ ಬೈಕ್ ಓಡಿಸ್ತೀರಲ್ಲ, ಆ ಸ್ಪೀಡು.”

ನೀರು ತುಂಬಿದ ಭಾರದ ಕಾಯಿಯಾದರೆ ಬೇಗ ಬೀಳುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಒಣಗಿ ಹಗುರಾದದ್ದೂ ಒಂದೇ, ಭಾರದ್ದೂ ಒಂದೇ, ಭೂಮಿ ಎಲ್ಲವನ್ನೂ ಒಂದೇ ವೇಗಕ್ಕೆ ಏರಿಸುತ್ತದೆ. ಒಣಗರಿ ಮಾತ್ರ ತೇಲುತ್ತ ಬರುವುದು, ಗಾಳಿ ಅದನ್ನು ತಡೆಯುವುದರಿಂದ. ನನಗೆ ಇದೆಲ್ಲ ಗೊತ್ತಿದ್ದದ್ದೇ. ಆದರೂ ನಮ್ಮ ಹಿತ್ತಲಿನ ಲೆಕ್ಕವನ್ನು ಚಪಾತಿ ಮಣೆಯ ಮೇಲೆ ನೋಡಿದ ಮೇಲೆ, ಎದ್ದು ಹೋಗಿ ಹಿತ್ತಲ ಬಾಗಿಲಿನಿಂದ ಮರದ ತುದಿ ನೋಡಿ ಬಂದೆ.

ಆದರೆ ನನ್ನನ್ನು ಕೊರೆಯುತ್ತಿದ್ದ ಇನ್ನೊಂದು ಪ್ರಶ್ನೆ ಇತ್ತು. ಊರಿನಲ್ಲಿ ಮನೆಗಿಂತ ತೆಂಗಿನ ಮರಗಳು ಜಾಸ್ತಿ. ಜನ ಅವುಗಳ ಕೆಳಗೇ ಓಡಾಡುತ್ತಾರೆ, ಕೂರುತ್ತಾರೆ, ಮಲಗುತ್ತಾರೆ. ಯಾರ ತಲೆಯೂ ಒಡೆದಿಲ್ಲವೇಕೆ? ಸೈಟಿನಲ್ಲಿ ಅವಘಡವಾದರೆ ನಾನು ಎಲ್ಲರನ್ನೂ ವಿಚಾರಿಸುವ ಹಾಗೆ ಊರಿನಲ್ಲಿ ವಿಚಾರಿಸಿದೆ. ಹಿರಿಯರಿಗೆ ನೆನಪಿದ್ದದ್ದು ಎರಡೇ ಪ್ರಸಂಗ. ಒಂದು ಎಳೆಗರು. ಇನ್ನೊಂದು ಬೋರ್‌ವೆಲ್ ಲಾರಿಯ ಜೊತೆ ಬಂದಿದ್ದ ಹೊರ ರಾಜ್ಯದ ಕೆಲಸಗಾರ. ಮರದ ಕೆಳಗೆ ಕೂತು ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಿದ್ದವನ ಹೆಗಲ ಮೂಳೆ ಮುರಿದಿತ್ತು. “ಹೊರಗ್ನೋನು, ಮರಕ್ಕೆ ಗುರ್ತು ಸಿಗ್ನಿಲ್ಲ” ಎಂದು ಊರವರು ತೀರ್ಪು ಕೊಟ್ಟಿದ್ದರು. ನಾನು ನಕ್ಕು ಬಂದಿದ್ದೆ. ಆ ಇಯರ್‌ಫೋನಿನ ಕಡೆ ನನ್ನ ಗಮನ ಆಗ ಹೋಗಲಿಲ್ಲ.

ಗಮನ ಹೋದದ್ದು ಒಂದು ಭಾನುವಾರ. ಅವ್ವನ ಪಕ್ಕದಲ್ಲಿ ಮಂಚದ ತುದಿಗೆ ಕೂತು ಪೇಪರ್ ಓದುತ್ತಿದ್ದೆ. ಮೇಲೆ ‘ಚಟ್’ ಎಂದು ಸಣ್ಣ ಸದ್ದಾಯಿತು, ಗರಿಯನ್ನು ಏನೋ ಸವರಿತು. ನಾನು ಯೋಚಿಸಲಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾಲ್ಕಡಿ ಆಚೆ ನಿಂತಿದ್ದೆ, ಪೇಪರ್ ಇನ್ನೂ ಕೈಯಲ್ಲಿತ್ತು. ಕಾಯಿ ಮಂಚದ ಕಾಲಿನ ಹತ್ತಿರ ಧೊಪ್ಪೆಂದು ಬಿತ್ತು.

ನಿಂತಲ್ಲೇ ನನಗೆ ಉತ್ತರ ಹೊಳೆಯಿತು. ಕಾಯಿ ತೊಟ್ಟಿನಿಂದ ಕಳಚುವಾಗ ಸದ್ದು ಮಾಡುತ್ತದೆ. ಸದ್ದು ಅರವತ್ತಡಿ ಇಳಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಕಾಯಿಗೆ ಎರಡು ಸೆಕೆಂಡು ಬೇಕು. ನಡುವೆ ಉಳಿದ ಹೊತ್ತಿನಲ್ಲಿ ನಮ್ಮೂರಿನವರ ಮೈ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಹುಟ್ಟಿದಾಗಿನಿಂದ ಆ ಸದ್ದು ಕೇಳಿ ಬೆಳೆದದ್ದರಿಂದ ಸರಿದದ್ದೂ ಅವರಿಗೆ ತಿಳಿಯುವುದಿಲ್ಲ. ಕಾಯಿ ಪಕ್ಕಕ್ಕೆ ಬಿತ್ತು ಅಂದುಕೊಳ್ಳುತ್ತಾರೆ. ಕಣ್ಣಿರುವುದು ಕಾಯಿಗಲ್ಲ, ಕಿವಿಯಿರುವುದು ಜನರಿಗೆ. ನನಗೆ ಬಹಳ ಖುಷಿಯಾಯಿತು. ಹೆಂಡತಿಯನ್ನು ಕರೆಯಲು ಬಾಯಿ ತೆರೆದವನು ಮಂಚದ ಕಡೆ ನೋಡಿದೆ.

ಅವ್ವ ಕದಲಿರಲಿಲ್ಲ.

ಕಾಯಿ ಅವಳ ಪಾದದಿಂದ ಒಂದು ಗೇಣು ದೂರದಲ್ಲಿತ್ತು. ನೆಲ ಅದುರಿದ ಮೇಲೆ ತಿರುಗಿ ನೋಡಿದ್ದಳು. ನೋಡಿ, ನನ್ನ ಮುಖ ನೋಡಿ, ನಕ್ಕಳು.

“ನೋಡ್ದೇನ್ಲಾ? ನಾನ್ ಹೇಳ್ಳಿಲ್ವಾ, ಕಣ್ಣೈತೆ ಅದ್ಕೆ.”

ಖುಷಿ ಅಲ್ಲೇ ಸತ್ತಿತು. ನನಗೆ ಭಯವಾಯಿತು. ಸೈಟಿನಲ್ಲಿ ಎಷ್ಟೋ ಬಿದ್ದದ್ದನ್ನು ನೋಡಿದ್ದೇನೆ, ಅಷ್ಟು ಎಂದೂ ಹೆದರಿರಲಿಲ್ಲ.

ಅಂದಿನಿಂದ ಅವಳನ್ನು ಗಮನಿಸತೊಡಗಿದೆ. ಹಿಂದಿನಿಂದ ಮೆಲ್ಲಗೆ ಕರೆದರೆ ಓಗೊಡುತ್ತಿರಲಿಲ್ಲ. ಎದುರಿಗೆ ಬಂದರೆ ಎಲ್ಲ ಮಾತಿಗೂ ಸರಿಯಾದ ಉತ್ತರ. ಕುಕ್ಕರ್ ಕೂಗಿದರೆ ಏಳುತ್ತಿರಲಿಲ್ಲ, ಒಲೆ ನೋಡಿಕೊಳ್ಳುವುದು ಸೊಸೆಯ ಕೆಲಸ ಅನ್ನುವಂತೆ ಇರುತ್ತಿದ್ದಳು. ಅವಳ ತವರು ಕುಣಿಗಲ್ ಕಡೆಯ ಕೊತ್ತಗೆರೆ, ಅಲ್ಲಿಂದ ಚಿಕ್ಕಮ್ಮ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಾಳೆ. ಈಚೆಗೆ ಅವ್ವ ಫೋನನ್ನು ಕಿವಿಗಿಟ್ಟು, “ಕೊತ್ತಗೆರೇಲಿ ಟವರ್ರೇ ಸರಿ ಇಲ್ಲ” ಎಂದು ಸೊಸೆಯ ಕೈಗೆ ಕೊಡುತ್ತಿದ್ದಳು. ಪಾಪ, ಆ ಟವರಿಗೆ ನಾವೂ ಬೈದಿದ್ದೆವು. ಡೈರಿ ದಾರಿಯ ಜನ ಕೂಡ ಈಗ ಬೇಲಿಯ ಹತ್ತಿರ ನಿಲ್ಲುತ್ತಿರಲಿಲ್ಲ, ಕೈಯೆತ್ತಿ ಸನ್ನೆ ಮಾಡಿ ಹೋಗುತ್ತಿದ್ದರು. ಎಲ್ಲರಿಗೂ ಅವಸರ ಅಂದುಕೊಂಡಿದ್ದೆ. ಕೂಗಿ ಕೂಗಿ ಸಾಕಾಗಿ ಅವರು ಸನ್ನೆಗೆ ಇಳಿದಿದ್ದರು.

“ಅವ್ವ, ನಿಂಗೆ ಕಿವಿ ಸರಿಯಾಗಿ ಕೇಳ್ತಿಲ್ಲ ಅನ್ಸತ್ತೆ” ಎಂದರೆ, “ನಂಗೇನಾಗೈತೆ? ನೀವೇ ಗೊಣಗ್ತೀರ, ಬಾಯ್ಬಿಟ್ಟು ಮಾತಾಡಿ” ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಎಂದು ಹೆಂಡತಿ ಗೊಣಗಿದಳು. ಅದೂ ಅವ್ವನಿಗೆ ಕೇಳಿಸಲಿಲ್ಲ.

ಬಿಪಿ ತೋರಿಸೋಣ ಎಂದು ನೆಪ ಹೇಳಿ ತುಮಕೂರಿಗೆ ಕರೆದುಕೊಂಡು ಹೋಗಿ ಕಿವಿ ಡಾಕ್ಟರ ಮುಂದೆ ಕೂರಿಸಿದೆ. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಕೇಳಿಸಿದಾಗ ಕೈ ಎತ್ತಬೇಕು. ಅವಳು ನನ್ನ ಮುಖ ನೋಡಿ ನೋಡಿ, ನಾನು ಉಸಿರೆಳೆದಾಗಲೆಲ್ಲ ಕೈ ಎತ್ತಿದಳು. ಕೊನೆಗೆ ನನ್ನನ್ನು ಹೊರಗೆ ಕಳಿಸಿದರು.

ವಯಸ್ಸಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಕೀಚಲು ಸದ್ದು, ಚುರುಕು ಸದ್ದು ಮೊದಲು ಹೋಗುತ್ತವೆ. ದಪ್ಪ ಸದ್ದುಗಳು ಉಳಿದುಕೊಳ್ಳುತ್ತವೆ. ಹಾಗಾಗಿ ತಮಗೆ ಕೇಳುತ್ತದೆ ಎಂದೇ ವಯಸ್ಸಾದವರು ನಂಬಿರುತ್ತಾರಂತೆ. ನನಗೆ ಹಿತ್ತಲಿನ ಮರ ಕಣ್ಣಿಗೆ ಕಟ್ಟಿತು. ಕಾಯಿ ನೆಲಕ್ಕೆ ಬಿದ್ದ ಧೊಪ್ಪೆನ್ನುವ ಸದ್ದು ಅವ್ವನಿಗೆ ಚೆನ್ನಾಗಿ ಕೇಳುತ್ತಿತ್ತು. ಅದು ಮೇಲೆ ಕಳಚುವ ಸದ್ದು ಯಾವಾಗಲೋ ನಿಂತುಹೋಗಿತ್ತು.

ಅವ್ವ ತಟ್ಟೆ ಇಡ್ಲಿ ತಿನ್ನಬೇಕು ಅಂದಳೆಂದು ವಾಪಸು ಬರುವ ಬದಲು ಕ್ಯಾತ್ಸಂದ್ರದವರೆಗೆ ಹೋದೆವು. ಹೋಟೆಲಿನ ಗಲಾಟೆಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. “ನೋಡು, ಇಲ್ಲಿ ಎಲ್ಲಾರ್ದೂ ಕೇಳ್ತೈತೆ ನಂಗೆ” ಎಂದು ಅವ್ವ ಗೆದ್ದವಳಂತೆ ಇನ್ನೊಂದು ಇಡ್ಲಿ ಹಾಕಿಸಿಕೊಂಡಳು. ಡಾಕ್ಟರು ಕೊಟ್ಟ ಕಿವಿಯ ಮಿಷನ್ನು ಮೂರು ದಿನ ಕಿವಿಯಲ್ಲಿತ್ತು. ಬರೀ ಕುಂಯ್ ಅನ್ನುತ್ತದೆ ಎಂದು ಆಮೇಲೆ ಎಲೆಯಡಿಕೆ ಚೀಲ ಸೇರಿತು. ಮಂಚ ಮಾತ್ರ ಇದ್ದಲ್ಲೇ ಇತ್ತು.

ಕೆಲಸಕ್ಕೆ ಹೋದರೂ ನನ್ನ ಮನಸ್ಸು ಹಿತ್ತಲಲ್ಲೇ ಇರುತ್ತಿತ್ತು. ಹೆಲ್ಮೆಟ್ಟು ಹಾಕದವರಿಗೆ ‘ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎಂದು ಬೈಯುವುದು ನನ್ನ ರೂಢಿ. ಒಂದು ದಿನ ಬೈಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಆಮೇಲೆ ಆ ಗಾದೆ ಹೇಳಿಲ್ಲ.

ಕೊನೆಗೆ ಒಂದು ದಿನ ಅವಳ ಎದುರಿಗೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಮೇಲೆ ಚಟ್ ಅನ್ನುತ್ತದೆ, ಕೇಳಿದವರು ಸರಿಯುತ್ತಾರೆ, ಮರದ ಮಹಿಮೆ ಇಷ್ಟೇ ಎಂದೆ. “ಮರಕ್ಕೆ ಕಣ್ಣಿಲ್ಲ ಅವ್ವ. ನಿಂಗೆ ಕಿವಿ ಇದ್ವು. ಈಗ ಇಲ್ಲ.”

ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬಿಡಿಸುತ್ತಲೇ ಹೇಳಿದಳು, “ನಿನ್ನ ಹೊಟ್ಟೇಲಿ ಇಟ್ಕಂಡು ಇಲ್ಲೇ ಕೂತಿದ್ದೆ ಕಣೋ. ಅವತ್ತು ಬೀಳ್ಲಿಲ್ಲ.”

“ಹಂಗಾದ್ರೆ ಮರ ಕಡಿಸ್ತೀನಿ” ಅಂದೆ. ಸಿಟ್ಟಿನಲ್ಲಿ ಅಂದದ್ದು. ಆದರೆ ಅದೇ ವಾರ ಮರ ಕೊಯ್ಯುವವನಿಗೆ ಫೋನೂ ಮಾಡಿದೆ. ಅವನು ಬಂದು ಮರವನ್ನು ಒಂದು ಸುತ್ತು ಹಾಕಿ, ಮನೆ ಕಡೆ ಬೀಳದ ಹಾಗೆ ಹಗ್ಗ ಎಲ್ಲಿ ಕಟ್ಟಬೇಕೆಂದು ನೋಡಿ ಹೋದ. ಅವ್ವ ಅವನಿಗೆ ಕಾಫಿ ಕೊಡಿಸಿದಳು, ನನ್ನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟವರಿಗೂ ಮಾತು ಕೇಳದವರಿಗೂ ಮನೆಯಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಹೆಂಡತಿಯೇ ಹೇಳಿದಳು, “ಅತ್ತೆ ನಿಮ್ಮ ಮೇಲೆ ಮುನಿಸಿಕೊಂಡಿದಾರೆ ರೀ. ಅವರಿಗೆ ಕಾಯಿ ಬೀಳೋ ಭಯ ಇಲ್ಲ. ಕಿವಿ ಹೋಯ್ತು ಅಂತ ಒಪ್ಪಿಕೊಂಡ್ರೆ ಮುಂದೆ ಒಂದೊಂದೇ ಕೆಲಸ ಅವರ ಕೈಯಿಂದ ಬಿಡಿಸ್ತೀರ ಅನ್ನೋ ಭಯ.” ಫಿಸಿಕ್ಸ್ ಮೇಡಂ ಬಾಯಲ್ಲಿ ಈ ಮಾತು ಬಂದದ್ದು ನನಗೆ ಆಶ್ಚರ್ಯ. ಮರ ಕೊಯ್ಯುವವನಿಗೆ, ಸದ್ಯಕ್ಕೆ ಬೇಡ, ಆಮೇಲೆ ಹೇಳುತ್ತೇನೆ ಎಂದೆ.

ಅವರೆ ಸುಗ್ಗಿ ಮುಗಿಯುವ ಹೊತ್ತು. ನಾನು ಹಿತ್ತಲ ಬಾಗಿಲ ಹತ್ತಿರ ಕನ್ನಡಿ ನೇತುಹಾಕಿಕೊಂಡು ಗಡ್ಡ ಬೋಳಿಸುತ್ತಿದ್ದೆ. ಅವ್ವ ಮಂಚದ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ಹಳದಿ ಹೆಲ್ಮೆಟ್ಟು, ಅದರ ತುಂಬ ಕಾಳು. ಮೇಲೆ ಚಟ್ ಎಂದಿತು.

“ಅವ್ವಾ!” ಎಂದು ಕೂಗಿದೆ. ಎರಡು ಸೆಕೆಂಡು ಬಹಳ ದೊಡ್ಡದು. ಕೂಗಿ, ಅವಳು ತಿರುಗುವುದಿಲ್ಲ ಎಂದು ತಿಳಿದು, ರೇಜರ್ ಬಿಸಾಡಿ, ಒಂದು ಹೆಜ್ಜೆ ಇಡುವಷ್ಟು ದೊಡ್ಡದು. ಅವಳ ತಲೆಯ ಹಿಂದಿನ ಬಿಳಿ ತುರುಬು, ಅವರೆಕಾಯಿ ಬಿಡಿಸುವಾಗ ಆಡುವ ಮೊಣಕೈ, ಎಲ್ಲ ನಿಚ್ಚಳವಾಗಿ ಕಂಡವು. ನಾನು ಅವಳನ್ನು ಮುಟ್ಟಲಾರೆ ಎನ್ನುವುದೂ ತಿಳಿಯಿತು.

ಕಾಯಿ ಹೆಲ್ಮೆಟ್ಟಿನ ಅಂಚಿಗೆ ಬಡಿಯಿತು. ಹೆಲ್ಮೆಟ್ಟು ಸೀಳಿಹೋಗಿ ಕಾಳೆಲ್ಲ ಮಂಚದ ಮೇಲೆ, ನೆಲದ ಮೇಲೆ, ಅವಳ ಮಡಿಲಲ್ಲಿ ಚೆಲ್ಲಿತು. ಕಾಯಿ ನವಾರಿಗೆ ತಾಗಿ ಎಗರಿ ಬೇಲಿಯ ಕಡೆ ಉರುಳಿತು.

ನಾನು ಸೋಪಿನ ನೊರೆಯ ಮುಖದಲ್ಲೇ ಓಡಿಹೋಗಿ ಅವಳ ತಲೆ, ಹೆಗಲು, ಕೈ ಎಲ್ಲ ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ. ಅವಳು ಸೀಳಿದ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು ಬಿರುಕಿನಲ್ಲಿ ಬೆರಳಾಡಿಸಿದಳು. ಆಮೇಲೆ ತಲೆಯೆತ್ತಿ ಮರದ ತುದಿಯನ್ನು ಬಹಳ ಹೊತ್ತು ನೋಡಿದಳು. ‘ಕಣ್ಣೈತೆ ಅದ್ಕೆ’ ಎಂಬ ಮಾತಿಗೆ ನಾನು ಹಲ್ಲು ಕಚ್ಚಿಕೊಂಡು ಕಾದೆ.

“ವಯಸ್ಸಾಯ್ತು ಕಣೋ ಇದ್ಕೆ” ಅಂದಳು. ಎಷ್ಟೋ ದಿನಗಳ ಮೇಲೆ ನನ್ನ ಜೊತೆ ಆಡಿದ ಮಾತು ಅದು. “ಕಣ್ಣು ಮಂಜಾಗವೆ. ಮುಂಚಿನಂಗೆ ಕಾಣಾಕಿಲ್ಲ ಅದ್ಕೆ. ಮಂಚ ಬೇವಿನ ಮರದಡೀಕೆ ಹಾಕು.”

ಬೀಳುವ ವಸ್ತುವಿಗೆ ಕಣ್ಣಿಲ್ಲ ಎಂದು ಬೋರ್ಡು ಬರೆಸಿದವನು ನಾನು. ಹೌದವ್ವ ಎಂದು ತಲೆಯಾಡಿಸಿದೆ. ಚೆಲ್ಲಿದ ಕಾಳನ್ನೆಲ್ಲ ಇಬ್ಬರೂ ಕೂಡಿ ಆಯ್ದೆವು. ಮಂಚ ಎತ್ತಿ ಬೇವಿನಡಿಗೆ, ಬೇಲಿಗೆ ಇನ್ನಷ್ಟು ಹತ್ತಿರಕ್ಕೆ ಹಾಕಿದೆ, ದಾರಿಯವರು ನಿಂತರೆ ಅವರ ಮುಖ ಅವಳಿಗೆ ಕಾಣಲಿ ಎಂದು. ಅವಳು ಕೂತು, ಸೆರಗು ಸರಿಮಾಡಿಕೊಂಡು, ತೆಂಗಿನ ಮರದ ಕಡೆ ಕೈ ತೋರಿಸಿದಳು.

“ಅದ್ನ ಕಡಿಸ್ಬ್ಯಾಡ. ಕಣ್ಣು ಮಂಜಾಯ್ತು ಅಂತ ಕಡಿದಾಕ್ಬುಡ್ತಾರಾ?”

“ಕಡಿಸಲ್ಲ ಬುಡವ್ವ” ಎಂದೆ. ನಾನು ಅವಳ ಹಿಂದೆ ನಿಂತಿದ್ದೆ, ಅವಳಿಗೆ ಕೇಳಿಸಲಿಲ್ಲ. ಉತ್ತರಕ್ಕೆ ಕಾಯುತ್ತ ಮರವನ್ನೇ ನೋಡುತ್ತಿದ್ದಳು. ಮುಂದಕ್ಕೆ ಹೋಗಿ, ಮುಖದ ನೊರೆ ಒರೆಸಿಕೊಂಡು, ತುಟಿ ಕಾಣುವ ಹಾಗೆ ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಇನ್ನೊಂದು ಸಲ ಹೇಳಿದೆ.